ಓಸೆಲ್ ದ್ವೀಪದ ಅವತರಣವೂ ಜರ್ಮನರ ಸಮುದ್ರಬಲವೂ

ಸೇನೆಯನ್ನು ಹಡಗುಗಳಲ್ಲಿ ಸಾಗಿಸಿ ಶತ್ರುವಿನ ತೀರದಲ್ಲಿ ಇಳಿಸುವ ಕಾರ್ಯವು ಯುದ್ಧಕರ್ಮಗಳೆಲ್ಲದರಲ್ಲಿಯೂ ಕ್ಲಿಷ್ಟತರವಾದುದೆಂದು ಆ ಶಾಸ್ತ್ರವನ್ನು ಬಲ್ಲವರು ಒಪ್ಪುತ್ತಾರೆ. ನೆಲದ ಮೇಲೆ ನಡೆಯುವ ದಂಡಿಗೆ ಹಿಮ್ಮೆಟ್ಟಲು ದಾರಿಯುಂಟು, ತಂಗಲು ಊರುಂಟು, ತಡೆದು ನಿಲ್ಲಲು ಬೆಟ್ಟವೋ ಹೊಳೆಯೋ ಉಂಟು. ಹಡಗಿನಿಂದಿಳಿದ ದಂಡಿಗೆ ಬೆನ್ನಿನ ಕಡೆ ನೀರು, ಎದುರಿನಲ್ಲಿ ವೈರಿ. ಮದ್ದುಗುಂಡುಗಳೂ ಅನ್ನಪಾನಾದಿಗಳೂ ಅದೇ ನೀರಿನ ಮೇಲೆ ಬರತಕ್ಕವು. ಪಾಶ್ಚಾತ್ಯರು ಇಂತಹ ಕಾರ್ಯಕ್ಕೆ ಕಪ್ಪೆ ಮೊದಲಾದ ಉಭಯಚರ ಪ್ರಾಣಿಗಳ ಹೆಸರನ್ನೇ ಇಟ್ಟಿದ್ದಾರೆ. ಪ್ರಕೃತ ಲೇಖನದಲ್ಲಿ ಅದನ್ನು ಅವತರಣವೆಂದು ಕರೆದಿದೆ.

ಜರ್ಮನರು ನೆಲದ ಯುದ್ಧದಲ್ಲಿ ಹೆಸರಾದವರು. ಅವರ ಪ್ರಸಿದ್ಧ ಸೇನಾಪತಿಗಳು ರೈಲುದಾರಿಯನ್ನೂ ಹೆದ್ದಾರಿಯನ್ನೂ ನಂಬಿ ವ್ಯೂಹಗಳನ್ನು ರಚಿಸಿದವರೇ ಹೊರತು ಅಲೆಗಳನ್ನು ನಂಬಿದವರಲ್ಲ. ಹೀಗಿದ್ದರೂ ಎರಡು ಮಹಾಯುದ್ಧಗಳಲ್ಲಿ ಅವರು ಹಲವು ಬಾರಿ ಪರತೀರದಲ್ಲಿ ಸೇನೆಯನ್ನು ಇಳಿಸಿದರು. ೧೯೧೭ರಲ್ಲಿ ಬಾಲ್ಟಿಕ್ ಸಮುದ್ರದ ದ್ವೀಪಗಳಲ್ಲಿ, ೧೯೧೮ರಲ್ಲಿ ಫಿನ್ಲೆಂಡಿನಲ್ಲಿ, ೧೯೪೦ರಲ್ಲಿ ನಾರ್ವೆಯಲ್ಲಿ, ೧೯೪೧ರಲ್ಲಿ ಮತ್ತೆ ಅದೇ ಬಾಲ್ಟಿಕ್ ದ್ವೀಪಗಳಲ್ಲಿ, ೧೯೪೩ರಲ್ಲಿ ಈಜಿಯನ್ ಸಮುದ್ರದ ಕೋಸ್ ಮತ್ತು ಲೆರೋಸ್ ದ್ವೀಪಗಳಲ್ಲಿ ಈ ಕಾರ್ಯ ನಡೆಯಿತು. ಎಲ್ಲಕ್ಕಿಂತ ದೊಡ್ಡದಾಗಿ ಸಂಕಲ್ಪಿತವಾದುದು ೧೯೪೦ರ ಇಂಗ್ಲೆಂಡಿನ ಅವತರಣ; ಅದು ನಡೆಯಲೇ ಇಲ್ಲ.

ಇವುಗಳಲ್ಲಿ ಮೊದಲನೆಯದಾದ ಓಸೆಲ್ ದ್ವೀಪದ ಅವತರಣವನ್ನು ಕುರಿತು ಎರಡು ಮತಗಳು ಪ್ರಚಾರದಲ್ಲಿವೆ. ಅದು ಸೇನೆಯೂ ನೌಕಾಬಲವೂ ಒಂದಾಗಿ ದುಡಿದುದಕ್ಕೆ ಲಕ್ಷಣಪ್ರಾಯವಾದ ಉದಾಹರಣೆಯೆಂದೂ, ಕಲಿಯಬೇಕಾದವರೆಲ್ಲರೂ ಅದನ್ನು ನೋಡಿ ಕಲಿಯಬೇಕೆಂದೂ ಒಂದು ಮತ. ರಷ್ಯದ ಸೇನೆಯು ಆಗ ಕ್ರಾಂತಿಯಿಂದ ಕೊಳೆತುಹೋಗಿದ್ದುದರಿಂದ ಯಾರು ತಳ್ಳಿದ್ದರೂ ಬಾಗಿಲು ತೆರೆಯುತ್ತಿದ್ದಿತೆಂಬುದು ಇನ್ನೊಂದು ಮತ. ಇವೆರಡರಲ್ಲಿ ಯಾವುದು ಗ್ರಾಹ್ಯವೆಂಬುದನ್ನು ನಿರ್ಣಯಿಸದೆ ಮುಂದಿನ ನಾರ್ವೆಯ ಗೆಲವನ್ನಾಗಲಿ ಇಂಗ್ಲೆಂಡಿನ ಸಂಕಲ್ಪಭಂಗವನ್ನಾಗಲಿ ಅರ್ಥ ಮಾಡಿಕೊಳ್ಳುವುದು ಶಕ್ಯವಿಲ್ಲ.

ಇಂತಹ ವಿಚಾರಕ್ಕೆ ಅಳತೆಗೋಲನ್ನು ಬೇರೆಡೆಯಲ್ಲಿ ಹುಡುಕಬೇಕಾಗಿಲ್ಲ. ಮೈಸೂರಿನ ಪ್ರಾಚ್ಯ ಕೋಶಾಗಾರದಲ್ಲಿದ್ದ ಪ್ರತಿಯನ್ನಾಧರಿಸಿ ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಒಂಬತ್ತನೆಯ ಅಧಿಕರಣವು ದಂಡೆತ್ತಿ ಹೋಗುವ ರಾಜನು ಶಕ್ತಿ, ದೇಶ, ಕಾಲ ಎಂಬ ಮೂರರ ಬಲಾಬಲವನ್ನು ತೂಗಬೇಕೆಂಬ ವಿಚಾರದಿಂದ ಆರಂಭವಾಗುತ್ತದೆ. ಈ ಮೂರರಲ್ಲಿ ಯಾವುದು ಹಿರಿದೆಂಬ ವಾದವು ಅಲ್ಲಿ ಬಂದಿದೆ. ದೇಶವೇ ಹಿರಿದೆನ್ನುವವರು ನಾಯಿ ಮೊಸಳೆಗಳ ದೃಷ್ಟಾಂತವನ್ನು ಕೊಡುತ್ತಾರೆ: ನೆಲದ ಮೇಲೆ ನಾಯಿಯ ಕೈ ಮೇಲು, ನೀರಿನಲ್ಲಿ ಮೊಸಳೆಯದು. ಕಾಲವೇ ಹಿರಿದೆನ್ನುವವರಿಗೆ ಹಗಲಿನ ಕಾಗೆಯೂ ಇರುಳಿನ ಗೂಬೆಯೂ ದೃಷ್ಟಾಂತ. ಕೌಟಿಲ್ಯನಾದರೋ ಇವು ಮೂರೂ ಒಂದನ್ನೊಂದು ಸಾಧಿಸತಕ್ಕವೆಂದು ಸಿದ್ಧಾಂತ ಮಾಡುತ್ತಾನೆ. ಅವತರಣವೆಂದರೆ ನಾಯಿಯು ಮೊಸಳೆಯ ಮಡುವನ್ನು ದಾಟಿ ಆಚೆಯ ದಡವನ್ನು ಹತ್ತುವುದೇ ಆದುದರಿಂದ ಈ ದೃಷ್ಟಾಂತವು ಇಲ್ಲಿ ಅನ್ವರ್ಥವಾಗಿದೆ.

ಈಗಿನ ಎಸ್ಟೋನಿಯ ದೇಶದ ಪಶ್ಚಿಮ ತೀರದ ಎದುರಿಗೆ ಮೂರು ದ್ವೀಪಗಳಿವೆ. ದೊಡ್ಡದು ಓಸೆಲ್, ಆ ದೇಶದವರು ಅದನ್ನು ಸಾರೆಮಾ ಎನ್ನುತ್ತಾರೆ. ಅದರ ಉತ್ತರಕ್ಕೆ ಡಾಗೋ ಅಥವಾ ಹೀಯುಮಾ. ಓಸೆಲಿಗೂ ಒಳನಾಡಿಗೂ ನಡುವೆ ಮೋನ್ ಅಥವಾ ಮುಹು ಎಂಬ ಚಿಕ್ಕ ದ್ವೀಪ. ಇವುಗಳ ದಕ್ಷಿಣಕ್ಕೆ ರೀಗಾ ಕೊಲ್ಲಿ. ಆ ಕೊಲ್ಲಿಗೆ ಎರಡೇ ಬಾಗಿಲುಗಳು: ಪಶ್ಚಿಮದಲ್ಲಿ ಇರ್ಬೆ ಜಲಸಂಧಿ, ಉತ್ತರದಲ್ಲಿ ಮೋನ್ ಜಲಸಂಧಿ. ಇರ್ಬೆಯ ಕಡೆಗೆ ಓಸೆಲಿನಿಂದ ಸ್ವೋರ್ಬೆ ಎಂಬ ಉದ್ದವಾದ ಭೂಶಿರವು ಚಾಚಿಕೊಂಡಿದೆ. ಅದರ ತುದಿಯಲ್ಲಿರುವ ಜೆರೆಲ್ ಎಂಬ ಸ್ಥಳದಲ್ಲಿ ರಷ್ಯದವರು ಹನ್ನೆರಡು ಅಂಗುಲ ಬಾಯಿಯ ನಾಲ್ಕು ಭಾರಿ ಫಿರಂಗಿಗಳನ್ನು ಇಟ್ಟಿದ್ದರು. ಓಸೆಲಿಗೂ ಮೋನಿಗೂ ನಡುವಿನ ನೀರು ಆಳವಿಲ್ಲದುದರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಕೆರೆಯ ಏರಿಯಂತೆ ಮೂರೂವರೆ ಕಿಲೋಮೀಟರ್ ಉದ್ದದ ಕಲ್ಲಿನ ಏರಿಯನ್ನು ಕಟ್ಟಿದ್ದರು. ಓಸೆಲಿನ ದಂಡಿಗೆ ನೆಲದ ದಾರಿಯೆಂದರೆ ಈ ಏರಿಯೊಂದೇ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯ ಅರ್ಧವು ಅದರ ಮೇಲೆ ನಿಂತಿದೆ.

ಜರ್ಮನರು ೧೯೧೫ರ ಆಗಸ್ಟಿನಲ್ಲಿಯೇ ಒಮ್ಮೆ ಇರ್ಬೆಯ ಬಾಗಿಲನ್ನು ಮುರಿದು ರೀಗಾ ಕೊಲ್ಲಿಯನ್ನು ಹೊಕ್ಕಿದ್ದರು. ಆದರೆ ನೀರಿನಲ್ಲಿ ಹುದುಗಿಸಿದ ಸಿಡಿಗುಂಡುಗಳು, ಎಂದರೆ ಮೈನುಗಳು, ಅವರನ್ನು ಹಣ್ಣು ಮಾಡಿದುವು. ಮೋಲ್ಟ್ಕೆ ಎಂಬ ದೊಡ್ಡ ಯುದ್ಧನೌಕೆಗೆ ಇಂಗ್ಲಿಷರ ಜಲಾಂತರ್ಗಾಮಿಯೊಂದು ಟಾರ್ಪೆಡೊ ಹೊಡೆಯಿತು. ದ್ವೀಪಗಳು ತಮ್ಮ ಕೈಯಲ್ಲಿಲ್ಲದಿರುವಾಗ ಕೊಲ್ಲಿಯಲ್ಲಿ ನಿಲ್ಲುವುದು ವ್ಯರ್ಥವೆಂದು ತಿಳಿದು ಅವರು ಹೊರಬಿದ್ದರು. ಎರಡು ವರ್ಷಗಳ ಮೇಲೆ, ೧೯೧೭ರ ಸೆಪ್ಟೆಂಬರ್ ೩ರಂದು, ಜನರಲ್ ಹುಟಿಯೆರನ ಎಂಟನೆಯ ಸೇನೆಯು ರೀಗಾ ಪಟ್ಟಣವನ್ನು ಹಿಡಿಯಿತು. ಪಟ್ಟಣವು ಕೈಸೇರಿದರೂ ಅದರ ಸಮುದ್ರದ್ವಾರವು ರಷ್ಯದವರ ವಶದಲ್ಲಿಯೇ ಇದ್ದುದರಿಂದ ದ್ವೀಪಗಳನ್ನು ತೆಗೆದುಕೊಳ್ಳಲು ಆಜ್ಞೆಯಾಯಿತು. ಇದಲ್ಲದೆ ಇನ್ನೊಂದು ಕಾರಣವೂ ಇದ್ದಿತು. ಬಂದರುಗಳಲ್ಲಿ ಸುಮ್ಮನೆ ಕೊಳೆಯುತ್ತಿದ್ದ ಜರ್ಮನ್ ನೌಕಾಬಲದ ನಾವಿಕರು ಆಗಸ್ಟಿನಲ್ಲಿ ದಂಗೆಯೆದ್ದಿದ್ದರು. ಸೆಪ್ಟೆಂಬರ್ ೫ರಂದು ರೈಶ್‌ಪೀಟ್ಷ್ ಮತ್ತು ಕೋಬಿಸ್ ಎಂಬ ಇಬ್ಬರಿಗೆ ಮರಣದಂಡನೆಯಾಗಿದ್ದಿತು. ಹಡಗುಗಳಿಗೆ ಒಂದು ಕೆಲಸ ಬೇಕಾಗಿದ್ದಿತು. ರಷ್ಯದ ಸೇನೆಯಲ್ಲಿ ಮಾತ್ರವೇ ಕೊಳೆತ ಹತ್ತಿದ್ದಿತೆಂದು ಹೇಳುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಕಾರ್ಯಕ್ಕೆ ಆಲ್ಬಿಯನ್ ಎಂಬ ಗುಪ್ತನಾಮವನ್ನಿಟ್ಟರು. ಇಳಿಯತಕ್ಕ ಸೇನೆಗೆ ಜನರಲ್ ಕಾಥೆನ್ ಅಧಿಪತಿ. ಅದರ ಮುಖ್ಯಭಾಗವು ಜನರಲ್ ಎಸ್ಟೋರ್ಫನ ಕೈಕೆಳಗಿನ ೪೨ನೆಯ ಪದಾತಿ ವಿಭಾಗ. ಸುಮಾರು ೨೪,೦೦೦ ಜನರನ್ನೂ ಸಾವಿರಾರು ಕುದುರೆಗಳನ್ನೂ ೧೯ ಹಡಗುಗಳಲ್ಲಿ ತುಂಬಲಾಯಿತು. ಅವುಗಳ ರಕ್ಷಣೆಗೆ ವೈಸ್ ಅಡ್ಮಿರಲ್ ಎರ್ಹಾರ್ಡ್ ಷ್ಮಿಟ್ಟನ ಕೈಯಲ್ಲಿ ಹತ್ತು ಮಹಾಯುದ್ಧನೌಕೆಗಳು. ಅವನು ಪತಾಕೆಯನ್ನು ಏರಿಸಿದುದು, ೧೯೧೫ರಲ್ಲಿ ಗಾಯಗೊಂಡು ಹಿಂದಿರುಗಿದ್ದ ಅದೇ ಮೋಲ್ಟ್ಕೆಯ ಮೇಲೆ. ಕ್ರೂಸರುಗಳು, ಟಾರ್ಪೆಡೊ ದೋಣಿಗಳು, ಮೈನು ತೆಗೆಯುವ ನಾವೆಗಳು ಎಲ್ಲವನ್ನೂ ಸೇರಿಸಿದರೆ ಸಂಖ್ಯೆಯು ಮುನ್ನೂರನ್ನು ಮುಟ್ಟುತ್ತಿದ್ದಿತು. ಆಕಾಶನೌಕೆಗಳೂ ವಿಮಾನಗಳೂ ಇದ್ದುವು. ಸೈನ್ಯವು ಲಿಬೌ ಬಂದರಿನಲ್ಲಿ ಸೇರಿತು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಹೊರಡಬೇಕಾಗಿದ್ದಿತು, ಗಾಳಿ ಬಿಡಲಿಲ್ಲ. ಅಲೆಗಳು ಎದ್ದಾಗ ಮೈನು ತೆಗೆಯುವ ಚಿಕ್ಕ ದೋಣಿಗಳು ಕೆಲಸ ಮಾಡಲಾರವು. ಅವು ದಾರಿಯನ್ನು ಬಿಡಿಸದೆ ಹಡಗುಗಳು ಚಲಿಸಲಾರವು. ದಿನಗಳು ಕಳೆದಂತೆ ಮಳೆಗಾಲದ ಬಿರುಗಾಳಿಯ ಭಯವು ಹೆಚ್ಚಾಯಿತು. ಸೇನಾಧಿಪತಿಗಳಿಗೆ ಇದು ಅಸಹ್ಯವಾಗಿದ್ದಿರಬೇಕು. ಆದರೂ ಸಮುದ್ರದ ವಿಷಯದಲ್ಲಿ ನೌಕಾಧಿಪತಿಯ ಮಾತೇ ನಡೆಯತಕ್ಕದ್ದೆಂದು ಒಪ್ಪಿ ಅವರು ಕಾದರು. ಹೀಗೆ ಕಾದುದೇ ಈ ಕಾರ್ಯದ ಮೊದಲನೆಯ ಗುಣವೆಂದು ಹೇಳಬೇಕು. ಹಡಗುಗಳು ಹೊರಟುದು ಅಕ್ಟೋಬರ್ ೧೧ರಂದು.

ಇಳಿಯಲು ಆರಿಸಿದ ಸ್ಥಳ ಓಸೆಲಿನ ವಾಯವ್ಯದಲ್ಲಿರುವ ಟಾಗ್ಗಾ ಕೊಲ್ಲಿ. ರಷ್ಯದವರ ಬಲವೆಲ್ಲ ದಕ್ಷಿಣಕ್ಕೆ, ಜೆರೆಲಿನ ಫಿರಂಗಿಗಳ ಕಡೆಗೆ, ಮುಖ ಮಾಡಿದ್ದಿತು. ವಾಯವ್ಯದ ಕೊಲ್ಲಿಯ ಎರಡು ತುದಿಗಳಲ್ಲಿ ಚಿಕ್ಕ ಫಿರಂಗಿದಾಣಗಳು ಮಾತ್ರ ಇದ್ದುವು. ಅಕ್ಟೋಬರ್ ೧೨ರ ಬೆಳಗಿನ ಜಾವದಲ್ಲಿ ಹಡಗುಗಳು ಕೊಲ್ಲಿಯ ಬಾಯಿಗೆ ಬಂದುವು. ಬೆಳಗಾಗುವ ಮೊದಲೇ ಬಯೆರ್ನ್ ಮತ್ತು ಗ್ರೋಸರ್ ಕುರ್‌ಫ್ಯುರ್ಸ್ಟ್ ಎಂಬ ಎರಡು ಮಹಾನೌಕೆಗಳು ಒಂದರ ಹಿಂದೊಂದರಂತೆ ಮೈನುಗಳಿಗೆ ತಗುಲಿದುವು. ಆದರೂ ಅವೆರಡೂ ತಮಗೆ ಗೊತ್ತುಮಾಡಿದ್ದ ಗುರಿಗಳ ಮೇಲೆ ಗುಂಡು ಹಾರಿಸಿದುವು. ಮೊದಲು ಇಳಿದ ಪದಾತಿಗಳು ಫಿರಂಗಿದಾಣಗಳನ್ನು ಹಿಡಿದರು. ಒಂದು ಸಾಗಣೆಯ ಹಡಗೂ ಮೈನಿಗೆ ಸಿಕ್ಕಿತು. ಆದರೂ ಇಳಿಯುವ ಕ್ರಮಕ್ಕೆ ಭಂಗ ಬರಲಿಲ್ಲ. ಇಷ್ಟನ್ನು ಓದಿದವರಿಗೆ ಒಂದು ವಿಷಯವು ತಾನಾಗಿಯೇ ಹೊಳೆಯುತ್ತದೆ. ಆ ಮುಂಜಾವಿನಲ್ಲಿ ಜರ್ಮನರನ್ನು ಹೆಚ್ಚು ಬಾಧಿಸಿದುದು ರಷ್ಯದ ಸೈನಿಕನಲ್ಲ, ರಷ್ಯದವರು ಎಂದೋ ನೀರಿನಲ್ಲಿ ಬಿತ್ತಿ ಹೋಗಿದ್ದ ಕಬ್ಬಿಣ.

ಮುಖ್ಯಸೇನೆಯು ಟಾಗ್ಗಾದಲ್ಲಿ ಇಳಿಯುತ್ತಿರುವಾಗಲೇ ದ್ವೀಪದ ಉತ್ತರ ತೀರದ ಪಾಮೆರೋರ್ಟ್ ಎಂಬಲ್ಲಿ ಬೈಸಿಕಲ್ ಏರಿದ ಒಂದು ದಂಡು ಇಳಿಯಿತು. ಅದರ ಗುರಿ ಪೂರ್ವ ತುದಿಯ ಓರಿಸ್ಸಾರ್, ಎಂದರೆ ಕಲ್ಲಿನ ಏರಿಯ ಬಾಯಿ. ಆನೆಯನ್ನು ಕಾಲಲ್ಲಿ ಕಟ್ಟುವಂತೆ, ಏರಿಯನ್ನು ಕಟ್ಟಿದರೆ ದ್ವೀಪವೆಲ್ಲವೂ ಸಿಕ್ಕಿಬಿಡುತ್ತದೆಂಬುದು ಈ ಯೋಚನೆಯ ಸಾರ. ಯೋಚಿಸುವುದು ಸುಲಭ, ಬೈಸಿಕಲ್ಲಿನವರ ಹತ್ತಿರ ಭಾರಿ ಫಿರಂಗಿಗಳಿರಲಿಲ್ಲ, ಗುಂಡುಗಳೂ ಎಣಿಕೆಯವು. ಹಿಮ್ಮೆಟ್ಟಿ ಬರುತ್ತಿದ್ದ ರಷ್ಯದ ಸಾವಿರಾರು ಜನರು ಒಂದು ಕಡೆ, ಮೋನಿನಿಂದ ಏರಿಯ ಮೇಲೆ ನುಗ್ಗುತ್ತಿದ್ದವರು ಇನ್ನೊಂದು ಕಡೆ. ಇವೆರಡರ ನಡುವೆ ಅವರು ಎರಡು ಮೂರು ದಿವಸ ಬಲು ಕಷ್ಟದಿಂದ ನಿಂತರು. ಉತ್ತರದ ಕಸ್ಸಾರ್ ಎಂಬ ಆಳವಿಲ್ಲದ ನೀರಿನಲ್ಲಿ ಜರ್ಮನ್ ಟಾರ್ಪೆಡೊ ದೋಣಿಗಳು ರಷ್ಯದ ದೋಣಿಗಳೊಡನೆ ಕಾದಾಡುತ್ತ ಅವರಿಗೆ ಬೆಂಬಲವಾದುವು. ಮಳೆಯಲ್ಲಿ ನೆನೆದು ಕೆಸರಾಗಿದ್ದ ದಾರಿಗಳಲ್ಲಿ ೪೨ನೆಯ ವಿಭಾಗವು ದ್ವೀಪವನ್ನು ಅಡ್ಡಲಾಗಿ ದಾಟಿ ಬಂದು ಸೇರಿದ ಮೇಲೆ ನಡುವೆ ಸಿಕ್ಕಿದ ರಷ್ಯದ ದಂಡು ಅಕ್ಟೋಬರ್ ೧೫ರಂದು ಶರಣಾಯಿತು. ಓರಿಸ್ಸಾರಿನ ಆ ದಿನಗಳನ್ನು ಬಿಟ್ಟು ಓಸೆಲಿನ ಗೆಲವನ್ನು ಕೇವಲ ವಿಹಾರಯಾತ್ರೆಯೆಂದು ವರ್ಣಿಸುವವರ ಮಾತು ಪ್ರಮಾಣವಾಗಲಾರದು.

ಎರಡನೆಯ ಮತಕ್ಕೂ ಆಧಾರವಿಲ್ಲದೆ ಇಲ್ಲ. ೧೯೧೭ರ ಮಾರ್ಚಿಯಲ್ಲಿ ಪೆಟ್ರೋಗ್ರಾಡಿನ ಸೋವಿಯೆಟ್ಟು ಹೊರಡಿಸಿದ ಒಂದನೆಯ ಆಜ್ಞೆಯು ದಂಡಿನ ತುಕಡಿಗಳಲ್ಲೆಲ್ಲ ಸೈನಿಕರ ಸಮಿತಿಗಳನ್ನು ನಿಲ್ಲಿಸಿ ಅಧಿಕಾರಿಗಳ ಮಾತಿನ ಬೆಲೆಯನ್ನು ಇಳಿಸಿತು. ಅದೇ ತಿಂಗಳಲ್ಲಿ ಬಾಲ್ಟಿಕ್ ನೌಕಾಬಲದ ಮುಖ್ಯಾಧಿಪತಿ ನೆಪೆನಿನ್ ಹೆಲ್ಸಿಂಕಿಯಲ್ಲಿ ಕೊಲೆಯಾದನು. ಯುದ್ಧ ಮಾಡಬೇಕೇ ಬೇಡವೇ ಎಂಬುದು ಸಭೆಯಲ್ಲಿ ಕೈಯೆತ್ತಿ ತೀರ್ಮಾನಿಸತಕ್ಕ ವಿಷಯವಾಯಿತು. ಇದರ ಫಲವು ಎದ್ದು ಕಾಣುವುದು ಜೆರೆಲಿನಲ್ಲಿ. ಅಕ್ಟೋಬರ್ ೧೪ರಂದು ಮೂರು ಜರ್ಮನ್ ಮಹಾನೌಕೆಗಳು ಆ ಠಾಣ್ಯದ ಮೇಲೆ ಗುಂಡಿನ ಮಳೆಯನ್ನು ಸುರಿದುವು. ಫಿರಂಗಿಗಳು ಉತ್ತರ ಕೊಟ್ಟುವು, ಆದರೆ ಸಿಪಾಯಿಗಳಲ್ಲಿ ಅನೇಕರು ಸ್ಥಳವನ್ನು ಬಿಟ್ಟರು. ಶತ್ರುವಿಗಾಗಿ ಇಟ್ಟಿದ್ದ ಠಾಣ್ಯವು ಶತ್ರುವಿನ ಕೈಗೆ ಹೋಗಬಾರದೆಂದು ರಷ್ಯದ ಗ್ರಾಝ್ದಾನಿನ್ ಎಂಬ ಹಡಗೇ ಬಂದು ಅದರ ಮೇಲೆ ಗುಂಡು ಹಾರಿಸಬೇಕಾಯಿತು. ಸ್ವೋರ್ಬೆಯು ೧೬ರಂದು ಶರಣಾಯಿತು. ರೀಗಾ ಕೊಲ್ಲಿಯ ಬೀಗವು ಹೀಗೆ ಒಳಗಿನಿಂದಲೇ ಕಳಚಿತು.

ಸಮುದ್ರದ ಮೇಲಿನ ವೃತ್ತಾಂತ ಬೇರೆ. ಜೆರೆಲಿನ ಭಯವು ತೊಲಗಿದೊಡನೆ ವೈಸ್ ಅಡ್ಮಿರಲ್ ಬೆಂಕೆಯು ಕೋನಿಗ್ ಮತ್ತು ಕ್ರೋನ್‌ಪ್ರಿನ್ಸ್ ಎಂಬ ಮಹಾನೌಕೆಗಳೊಡನೆ ಕೊಲ್ಲಿಯನ್ನು ಹೊಕ್ಕು ೧೭ರಂದು ಮೋನ್ ಜಲಸಂಧಿಯ ದಕ್ಷಿಣ ಮುಖಕ್ಕೆ ಬಂದನು. ಎದುರಿಗೆ ಅಡ್ಮಿರಲ್ ಬಖಿರೆವನ ಹಳೆಯ ಹಡಗುಗಳು. ಅವುಗಳಲ್ಲಿ ಸ್ಲಾವಾ ಎಂಬುದು ಮುದಿ ನೌಕೆಯಾದರೂ ಅದರ ಫಿರಂಗಿಗಳು ಬಹುದೂರ ಹಾರುವಂತೆ ಮಾರ್ಪಾಡಾಗಿದ್ದುವು. ಬೆಳಗ್ಗೆ ಅದರ ಗುಂಡುಗಳಿಗೆ ಹೆದರಿ ಜರ್ಮನರ ಮೈನು ದೋಣಿಗಳು ಹಿಂದೆ ಸರಿಯಬೇಕಾಯಿತು. ಮಧ್ಯಾಹ್ನಕ್ಕೆ ಮುಂಚೆ ಕೋನಿಗ್ ಸಮೀಪಕ್ಕೆ ಬಂದು ಹೊಡೆದ ಗುಂಡುಗಳಿಂದ ಸ್ಲಾವಾದ ಒಡಲಿಗೆ ನೀರು ನುಗ್ಗಿತು. ನೀರು ತುಂಬಿ ತಗ್ಗಿದ ಹಡಗು ಉತ್ತರದ ಹೂಳೆತ್ತಿದ ಕಾಲುವೆಯನ್ನು ದಾಟಲಾರದೆ ಹೋದುದರಿಂದ ಅದನ್ನು ಅದರವರೇ ಅಲ್ಲಿ ಮುಳುಗಿಸಿದರು. ಉಳಿದ ಹಡಗುಗಳು ತಪ್ಪಿಸಿಕೊಂಡುವು. ಸೈನಿಕರು ಬಿಟ್ಟೋಡಿದ ದಿನಗಳಲ್ಲಿಯೇ ನಾವಿಕರು, ಅವರೂ ಕ್ರಾಂತಿಯವರೇ ಆಗಿದ್ದರೂ, ಹೀಗೆ ಕಾದಿದರೆಂಬುದು ಗಮನಾರ್ಹ.

ಮೋನ್ ೧೮ರಂದು, ಡಾಗೋ ೨೦ರಂದು ಜರ್ಮನರ ವಶವಾದುವು. ಒಂಬತ್ತು ದಿನಗಳಲ್ಲಿ ಸುಮಾರು ೨೦,೦೦೦ ಜನರು ಸೆರೆಯಾದರು. ನೂರಕ್ಕೆ ಮೇಲ್ಪಟ್ಟು ಫಿರಂಗಿಗಳು ಸಿಕ್ಕಿದುವು. ಜರ್ಮನರ ಕಡೆ ಸತ್ತವರು ಸುಮಾರು ೨೦೦ ಜನ, ಗಾಯಗೊಂಡವರೂ ಅಷ್ಟೇ. ಸತ್ತವರಲ್ಲಿ ಸೈನಿಕರಿಗಿಂತ ನಾವಿಕರ ಸಂಖ್ಯೆಯೇ ಬಹಳ ಹೆಚ್ಚು. ಅವರ ಪೈಕಿ ಬಹುಮಂದಿ ಮೈನುಗಳಿಗೆ ಆಹುತಿಯಾದವರು.

ಈ ಅಂಕಿಗಳನ್ನು ಮುಂದಿಟ್ಟುಕೊಂಡು ಎರಡು ಮತಗಳನ್ನೂ ಪರಿಶೀಲಿಸೋಣ. ಶತ್ರುವಿನ ಶಕ್ತಿಯು ಕುಂದಿದ್ದಿತೆಂಬುದು ನಿಜ. ೨೦,೦೦೦ ಸೆರೆಯಾಳುಗಳೇ ಅದಕ್ಕೆ ಸಾಕ್ಷಿ. ಆದರೆ ಮೈನಿಗೆ ಕ್ರಾಂತಿಯ ಸೋಂಕಿಲ್ಲ, ಅಲೆಗೆ ಸಮಿತಿಯಿಲ್ಲ. ಸಮುದ್ರವನ್ನು ದಾಟುವ ಕಷ್ಟವು ಪೂರ್ಣವಾಗಿಯೇ ಇದ್ದಿತು, ಅದನ್ನು ಜರ್ಮನರು ಕೌಶಲದಿಂದಲೇ ದಾಟಿದರು. ಶತ್ರುವು ದುರ್ಬಲನಾದ ಮಾತ್ರಕ್ಕೆ ಅವತರಣವು ಸುಲಭವೆನ್ನುವವರು ೧೯೧೪ರ ನವೆಂಬರ್ ಮೊದಲ ವಾರದಲ್ಲಿ ಜರ್ಮನ್ ಪೂರ್ವ ಆಫ್ರಿಕದ ಟಾಂಗಾ ಬಂದರಿನಲ್ಲಿ ನಡೆದುದನ್ನು ನೋಡಬೇಕು. ಅಲ್ಲಿಗೆ ಬೊಂಬಾಯಿಯಿಂದ ಹೋದ ಸುಮಾರು ೮,೦೦೦ ಜನರ ಭಾರತೀಯ ಸೇನೆಯಲ್ಲಿ ಬೆಂಗಳೂರು ಬ್ರಿಗೇಡೂ ಸೇರಿದ್ದಿತು. ಎದುರಿಗಿದ್ದ ಲೆಟ್ಟೋವ್ ಫೋರ್ಬೆಕನ ಬಲವು ಸಾವಿರದ ಆಸುಪಾಸು. ಬಹುದಿನಗಳ ಸಮುದ್ರಯಾನದಿಂದ ನಿಸ್ತ್ರಾಣರಾದ ಸಿಪಾಯಿಗಳನ್ನು ಬಂದರಿನವರಿಗೆ ಮುಂಚಿತವಾಗಿ ಸೂಚನೆ ಕೊಟ್ಟ ಮೇಲೆ ಗುರುತಿಲ್ಲದ ಕಾಡಿನ ತೀರದಲ್ಲಿ ಇಳಿಸಲಾಯಿತು. ಮೂರೇ ದಿನಗಳಲ್ಲಿ ಅವರು ನೂರಾರು ಜನರನ್ನೂ ಅಪಾರವಾದ ಮದ್ದುಗುಂಡುಗಳನ್ನೂ ಬಿಟ್ಟು ಹಡಗುಗಳಿಗೆ ಹಿಂದಿರುಗಿದರು. ಅಲ್ಲಿ ಶಕ್ತಿಯು ಎಂಟು ಪಾಲು ಹೆಚ್ಚಾಗಿದ್ದರೂ ದೇಶಕಾಲಗಳನ್ನು ಅರಿಯದುದರಿಂದ ಕೆಲಸ ಕೆಟ್ಟಿತು. ಟಾಂಗಾದಲ್ಲಿ ಕಾಯದಿದ್ದವರು ಸೋತರು, ಲಿಬೌವಿನಲ್ಲಿ ಕಾದವರು ಗೆದ್ದರು.

ಆದುದರಿಂದ ಓಸೆಲಿನ ಗೆಲವಿನಲ್ಲಿ ಕೌಶಲವು ಸತ್ಯವಾದುದೇ. ಆದರೆ ಮೊದಲನೆಯ ಮತದವರು ಆ ಗೆಲವಿನೊಳಗೆ ಮಾತಿಲ್ಲದೆ ಕುಳಿತಿದ್ದ ಒಂದು ಹೇತುವನ್ನು ಬಿಟ್ಟಿದ್ದಾರೆ. ಹತ್ತು ಮಹಾನೌಕೆಗಳನ್ನು ಜರ್ಮನರು ಪಶ್ಚಿಮದಿಂದ ಪೂರ್ವಕ್ಕೆ ತರಬಲ್ಲವರಾದುದು ಬಾಲ್ಟಿಕ್ ಸಮುದ್ರದ ಬಾಗಿಲು ಅವರ ಕೈಯಲ್ಲಿದ್ದುದರಿಂದ. ಇಂಗ್ಲಿಷರ ಮಹಾನೌಕಾಬಲವು ಅಲ್ಲಿಗೆ ಬರಲಾರದಾಗಿದ್ದಿತು. ಎರಡು ವಾರಗಳ ಕಾಲ ಬಂದರಿನಲ್ಲಿ ಗಾಳಿಯನ್ನು ನೋಡುತ್ತ ಕೂರಲು, ದಿನಗಟ್ಟಲೆ ಮೈನುಗಳನ್ನು ಹೆಕ್ಕಲು, ಕೊಲ್ಲಿಯಲ್ಲಿ ನೆಲೆಯಾಗಿ ನಿಂತು ಕುದುರೆಗಳನ್ನು ಇಳಿಸಲು ಅವರಿಗೆ ವ್ಯವಧಾನವಿದ್ದುದು ಈ ಸಮುದ್ರಾಧಿಪತ್ಯದಿಂದಲೇ. ಮಡುವಿನಲ್ಲಿ ಮೊಸಳೆಯಿದ್ದಿದ್ದರೆ ನಾಯಿಗೆ ಅಷ್ಟು ಸಾವಧಾನ ಎಲ್ಲಿಯದು? ಕಾಥೆನನ ಸೇನೆಯ ಮುಖ್ಯಸಹಾಯಕನಾಗಿದ್ದ ಟ್ಷಿಷ್ವಿಟ್ಸನು ೧೯೩೧ರಲ್ಲಿ ಈ ಕಾರ್ಯದ ವಿವರವಾದ ಗ್ರಂಥವನ್ನು ಪ್ರಕಟಿಸಿದನು. ಅದನ್ನು ಪರದೇಶದ ಸೇನಾಶಾಲೆಗಳಲ್ಲಿಯೂ ಅಭ್ಯಾಸ ಮಾಡಿದರು. ವಿಧಿಯನ್ನು ಕಲಿಯುವುದು ಸುಲಭ. ಅಧಿಕಾರವಿಲ್ಲದವನು ಮಾಡಿದ ಕರ್ಮವು ಫಲಿಸದೆಂಬುದನ್ನು ಮೀಮಾಂಸಕರು ಮಾತ್ರ ನೆನಪಿಡುತ್ತಾರೆ.

ಮುಂದಿನ ಯುದ್ಧದಲ್ಲಿ ಇದೇ ಕೊರತೆಯು ಕಾಣಿಸಿಕೊಂಡಿತು. ೧೯೧೮ರ ಏಪ್ರಿಲ್ ೩ರಂದು ಫಿನ್ಲೆಂಡಿನ ಹಾಂಕೋದಲ್ಲಿ ಇಳಿದ ಫಾನ್ ಡೆರ್ ಗೋಲ್ಟ್ಸನ ಸೇನೆಯಲ್ಲಿ ಫಾಲ್ಕೆನ್‌ಹೋರ್ಸ್ಟ್ ಎಂಬ ಅಧಿಕಾರಿಯಿದ್ದನು. ಇಪ್ಪತ್ತೆರಡು ವರ್ಷಗಳ ತರುವಾಯ ನಾರ್ವೆಯ ಅವತರಣಕ್ಕೆ ಅನುಭವಿಗಳು ಬೇಕಾದಾಗ ಹಿಟ್ಲರನು ಕರೆಸಿದುದು ಇವನನ್ನೇ. ಅಪ್ಪಣೆಯಾದ ದಿನ ಅಂಗಡಿಗೆ ಹೋಗಿ ಪ್ರವಾಸಿಗರ ಕೈಪಿಡಿಯೊಂದನ್ನು ಕೊಂಡು, ಅದರಿಂದ ನಾರ್ವೆಯ ರೂಪವನ್ನು ತಿಳಿದು, ಯೋಜನೆಯನ್ನು ಬರೆದುದಾಗಿ ಅವನೇ ಮುಂದೆ ಹೇಳಿದ್ದಾನೆ. ದೇಶಜ್ಞಾನಕ್ಕೆ ಇದಕ್ಕಿಂತ ಅಗ್ಗವಾದ ಆಕರವಿಲ್ಲ.

ಉತ್ತರ ಸಮುದ್ರದ ಒಡೆಯರು ಇಂಗ್ಲಿಷರು. ಆದಕಾರಣ ಜರ್ಮನರು ಆಧಿಪತ್ಯದ ಸ್ಥಾನದಲ್ಲಿ ಗೋಪ್ಯವನ್ನೂ ವೇಗವನ್ನೂ ಇಟ್ಟರು. ನಿಧಾನವಾದ ಸಾಗಣೆಯ ಹಡಗುಗಳಿಗೆ ಬದಲಾಗಿ ಯುದ್ಧನೌಕೆಗಳಲ್ಲಿಯೇ ಸೈನಿಕರನ್ನು ತುಂಬಿ ೧೯೪೦ರ ಏಪ್ರಿಲ್ ೯ರ ಬೆಳಗ್ಗೆ ಓಸ್ಲೋದಿಂದ ನಾರ್ವಿಕ್ ಪರ್ಯಂತ ಹಲವು ಬಂದರುಗಳಲ್ಲಿ ಒಟ್ಟಿಗೆ ಇಳಿಸಿದರು. ಸಾಹಸವೆಂಬುದರಲ್ಲಿ ಸಂದೇಹವಿಲ್ಲ, ಬಂದರುಗಳು ಕೈಸೇರಿದುವು, ದೇಶವು ಸೋತಿತು. ಕೊಟ್ಟ ಬೆಲೆ ಯಾವುದೆಂದರೆ: ಓಸ್ಲೋದ ದಾರಿಯಲ್ಲಿ ದ್ರೋಬಾಕ್ ಇರುಕಿನ ಆಸ್ಕರ್ಸ್‌ಬೋರ್ಗ್ ಕೋಟೆಯಲ್ಲಿ ಕರ್ನಲ್ ಬಿರ್ಗರ್ ಎರಿಕ್ಸೆನ್ ಕಾಯುತ್ತಿದ್ದನು. ಅವನ ಬಳಿ ಇದ್ದುವು ಹತ್ತೊಂಬತ್ತನೆಯ ಶತಮಾನದ ಕ್ರುಪ್ ಫಿರಂಗಿಗಳು, ಎಂದರೆ ಜರ್ಮನರೇ ಎರಕ ಹೊಯ್ದವು. ಅವುಗಳ ಎರಡು ಗುಂಡುಗಳೂ ನೀರಿನ ಮಟ್ಟದಿಂದ ಬಿಟ್ಟ ಹಳೆಯ ಟಾರ್ಪೆಡೊಗಳೂ ತಗುಲಿ ಬ್ಲ್ಯುಖರ್ ಎಂಬ ಹೊಚ್ಚಹೊಸ ಕ್ರೂಸರು ನೂರಾರು ಜನರೊಡನೆ ಮುಳುಗಿತು. ಆ ಕೆಲವು ಗಂಟೆಗಳ ವಿಳಂಬದಲ್ಲಿ ನಾರ್ವೆಯ ರಾಜ ಏಳನೆಯ ಹೋಕನನೂ ಮಂತ್ರಿಗಳೂ ರಾಜಧಾನಿಯಿಂ‍ದ ಪಾರಾದರು. ಅದೇ ದಿನ ಇಂಗ್ಲಿಷರ ಜಲಾಂತರ್ಗಾಮಿಯು ಕಾರ್ಲ್ಸ್‌ರೂ ಎಂಬ ಕ್ರೂಸರಿಗೆ ಟಾರ್ಪೆಡೊ ಹೊಡೆಯಿತು. ಮರುದಿನ ಬೆರ್ಗೆನ್ನಿನಲ್ಲಿ ವಿಮಾನಗಳು ಕೋನಿಗ್ಸ್‌ಬೆರ್ಗನ್ನು ಮುಳುಗಿಸಿದುವು. ನಾರ್ವಿಕ್ಕಿಗೆ ಸುಮಾರು ೨,೦೦೦ ಪರ್ವತ ಸೈನಿಕರನ್ನು ಹೊತ್ತುಹೋದ ಹತ್ತು ಡೆಸ್ಟ್ರಾಯರುಗಳಲ್ಲಿ ಒಂದೂ ಹಿಂದಿರುಗಲಿಲ್ಲ. ಏಪ್ರಿಲ್ ೧೦ ಮತ್ತು ೧೩ರ ಕಾಳಗಗಳಲ್ಲಿ ಹತ್ತೂ ನಷ್ಟವಾದುವು.

ಈ ನಷ್ಟದ ಲೆಕ್ಕವು ಮೂರೇ ತಿಂಗಳಲ್ಲಿ ಎದುರಿಗೆ ಬಂದಿತು. ಫ್ರಾನ್ಸು ಸೋತ ಮೇಲೆ ಜುಲೈ ೧೬ರಂದು ಹಿಟ್ಲರನು ಇಂಗ್ಲೆಂಡಿನ ಅವತರಣಕ್ಕೆ ಸಿದ್ಧತೆಯನ್ನು ಆಜ್ಞಾಪಿಸಿದನು. ಅದರ ಹೆಸರು ಸಮುದ್ರಸಿಂಹ. ಸಿಂಹಕ್ಕೆ ಕಾಲುಗಳಿರಲಿಲ್ಲ. ಸೇನೆಯವರು ವಿಶಾಲವಾದ ತೀರದಲ್ಲಿ ಇಳಿಯಬೇಕೆಂದರು. ಅಷ್ಟು ಅಗಲವನ್ನು ಕಾಯುವ ಹಡಗುಗಳಿಲ್ಲವಾದುದರಿಂದ ಇರುಕಾದ ಸ್ಥಳದಲ್ಲಿ ಇಳಿಯಬೇಕೆಂದು ನೌಕಾಧಿಪತಿ ರೇಡರ್ ಹಟ ಹಿಡಿದನು. ಲಿಬೌವಿನಲ್ಲಿ ಸಮುದ್ರದ ಮಾತನ್ನು ಸಮುದ್ರದವನಿಗೆ ಬಿಟ್ಟಿದ್ದ ಒಪ್ಪಂದವು ಇಲ್ಲಿ ಇರಲಿಲ್ಲ. ರೈನ್ ಮೊದಲಾದ ನದಿಗಳಿಂದ ಬಾರ್ಜು ಎಂಬ ಚಪ್ಪಟೆ ತಳದ ಸುಮಾರು ೨,೪೦೦ ಸರಕುದೋಣಿಗಳನ್ನು ಎಳೆತಂದು, ಅವುಗಳ ಮೂತಿಗಳನ್ನು ಕೊಯ್ದು, ಇಳಿಯಲು ಹಲಗೆಗಳನ್ನು ಜೋಡಿಸಿದರು. ಅವುಗಳಲ್ಲಿ ಬಹುಪಾಲಿಗೆ ಸ್ವಂತ ಯಂತ್ರವೇ ಇಲ್ಲ. ಬೇರೆ ನಾವೆಗಳು ಕಟ್ಟಿ ಎಳೆಯಬೇಕು. ಆಧಿಪತ್ಯದ ಸ್ಥಾನದಲ್ಲಿ ಈ ಸಲ ವಿಮಾನಬಲವನ್ನು ಪ್ರತಿನಿಧಿಯಾಗಿ ಇಡುವ ಸಂಕಲ್ಪವಿದ್ದಿತು. ಅದು ಇಂಗ್ಲಿಷರ ವಿಮಾನಗಳನ್ನು ಜಯಿಸಲಾರದೆ ಹೋದುದರಿಂದ ಸೆಪ್ಟೆಂಬರ್ ೧೭ರಂದು ಕಾರ್ಯವನ್ನು ಅನಿರ್ದಿಷ್ಟಕಾಲ ಮುಂದೂಡಲಾಯಿತು. ಗೆದ್ದಿದ್ದರೂ ದಾಟಬಲ್ಲವರಾಗಿದ್ದರೇ ಎಂಬುದು ವಿಚಾರಣೀಯ. ಏಪ್ರಿಲಿನಲ್ಲಿ ನಾರ್ವೆಯ ಫ್ಯೋರ್ಡುಗಳ ತಳ ಸೇರಿದ ಡೆಸ್ಟ್ರಾಯರುಗಳೇ ಸೆಪ್ಟೆಂಬರಿನಲ್ಲಿ ಆ ಬಾರ್ಜುಗಳ ಪಕ್ಕದಲ್ಲಿ ನಡೆಯಬೇಕಾಗಿದ್ದುವು. ಒಂದು ಅವತರಣವು ಇನ್ನೊಂದನ್ನು ನುಂಗಿತು.

ವಿಮಾನವು ಸಮುದ್ರಾಧಿಪತ್ಯಕ್ಕೆ ಪ್ರತಿನಿಧಿಯಾಗಬಲ್ಲದೇ ಎಂಬುದಕ್ಕೆ ಮುಂದಿನ ವರ್ಷಗಳು ಎರಡು ಬಗೆಯ ಉತ್ತರಗಳನ್ನು ಕೊಟ್ಟುವು. ೧೯೪೧ರ ಮೇ ೨೧ರ ರಾತ್ರಿ ಮೀನುದೋಣಿಗಳಲ್ಲಿ ಕ್ರೀಟ್ ದ್ವೀಪಕ್ಕೆ ಹೊರಟ ಜರ್ಮನ್ ದಂಡನ್ನು ಇಂಗ್ಲಿಷರ ಕ್ರೂಸರುಗಳು ಕತ್ತಲೆಯಲ್ಲಿ ಚದರಿಸಿದುವು. ಹಗಲೆಲ್ಲ ಆಕಾಶವನ್ನು ಆಳುತ್ತಿದ್ದ ಕಾಗೆಯು ಇರುಳಿನ ಗೂಬೆಗೆ ಸಿಕ್ಕಿತು. ೧೯೪೩ರ ನವೆಂಬರ್ ೧೨ರಿಂದ ೧೬ರವರೆಗೆ ಲೆರೋಸ್ ದ್ವೀಪದಲ್ಲಿ ಇದಕ್ಕೆ ವಿರೋಧವಾದ ಫಲವು ಬಂದಿತು. ಸುತ್ತಲೂ ಜರ್ಮನ್ ವಿಮಾನನೆಲೆಗಳಿದ್ದ ಆ ಇರುಕಾದ ಸಮುದ್ರದಲ್ಲಿ ಇಂಗ್ಲಿಷರ ಹಡಗುಗಳು ಹಗಲು ನಿಲ್ಲಲಾರದೆ ಹೋದುವು. ಅವತರಣದ ದೋಣಿಗಳು ದಡವನ್ನು ಮುಟ್ಟಿದುವು, ದ್ವೀಪವು ಬಿದ್ದಿತು.

ಆ ವೇಳೆಗೆ ಜರ್ಮನರ ಬಳಿ ಈ ಕೆಲಸಕ್ಕೆಂದೇ ಕಟ್ಟಿದ ನಾವೆಗಳಿದ್ದುವು. ಸಮುದ್ರಸಿಂಹದ ಪರದಾಟದಿಂದ ಹುಟ್ಟಿದ, ನೌಕಾಬಲದ ಯಂತ್ರದೋಣಿಗಳೂ, ಎರಡು ತೆಪ್ಪಗಳನ್ನು ಜೋಡಿಸಿದಂತಿದ್ದ ಸೀಬೆಲ್ ದೋಣಿಗಳೂ ಕಪ್ಪು ಸಮುದ್ರದಿಂದ ಸಿಸಿಲಿಯವರೆಗೆ ದುಡಿದುವು. ವಿಪರ್ಯಾಸವೆಂದರೆ ಅವು ಸೇನೆಯನ್ನು ಪರತೀರಕ್ಕೆ ಇಳಿಸಿದುದಕ್ಕಿಂತ ಪರತೀರದಿಂದ ಬಿಡಿಸಿಕೊಂಡು ಬಂದುದೇ ಹೆಚ್ಚು.

ಓಸೆಲ್ ದ್ವೀಪವು ಯುದ್ಧದಲ್ಲಿ ಇನ್ನೆರಡು ಬಾರಿ ಕೈಬದಲಾಯಿಸಿತು. ೧೯೪೧ರಲ್ಲಿ ಜರ್ಮನರು ಮತ್ತೆ ಬಂದಾಗ ಮಹಾನೌಕೆಗಳನ್ನು ಪಶ್ಚಿಮದ ತೀರಕ್ಕೆ ತರಲಿಲ್ಲ. ಅತ್ತ ಕಡೆ ಕಪಟದ ಚಲನೆಗಳನ್ನು ಮಾತ್ರ ತೋರಿಸಿದರು. ಅಂತಹ ಒಂದು ಚಲನೆಯಲ್ಲಿ ಸೆಪ್ಟೆಂಬರ್ ೧೩ರಂದು ಅವರ ಮಿತ್ರರಾದ ಫಿನ್ಲೆಂಡಿನವರ ಇಲ್ಮಾರಿನೆನ್ ಎಂಬ ಯುದ್ಧನೌಕೆಯು ಮೈನಿಗೆ ತಗುಲಿ ೨೭೧ ಜನರೊಡನೆ ಮುಳುಗಿತು. ನಿಜವಾದ ಆಕ್ರಮಣವು ಮರುದಿನ ಒಳನಾಡಿನ ಕಡೆಯಿಂದ ಚಿಕ್ಕ ದೋಣಿಗಳಲ್ಲಿ ಮೋನ್ ದ್ವೀಪಕ್ಕೆ ನಡೆಯಿತು. ೬೧ನೆಯ ಪದಾತಿ ವಿಭಾಗವು ಅದೇ ಕಲ್ಲಿನ ಏರಿಯನ್ನು, ಈ ಸಲ ಪೂರ್ವದಿಂದ ಪಶ್ಚಿಮಕ್ಕೆ, ದಾಟಿತು. ಸ್ವೋರ್ಬೆಯ ತುದಿಯು ಬಿದ್ದುದು ಅಕ್ಟೋಬರ್ ೫ರಂದು. ಡಾಗೋ ದ್ವೀಪದಲ್ಲಿ ಅವರು ಇಳಿದುದು ಅಕ್ಟೋಬರ್ ೧೨ರಂದು, ಟಾಗ್ಗಾ ಕೊಲ್ಲಿಯ ಅವತರಣಕ್ಕೆ ಸರಿಯಾಗಿ ಇಪ್ಪತ್ತನಾಲ್ಕು ವರ್ಷಗಳು ತುಂಬಿದ ದಿನ. ಒಂಬತ್ತು ದಿನಗಳ ಕೆಲಸಕ್ಕೆ ಈ ಬಾರಿ ಐದು ವಾರಗಳು ಹಿಡಿದುವು. ಸೋವಿಯೆಟ್ ಸೈನಿಕರು ೧೯೧೭ರವರಂತೆ ಠಾಣ್ಯಗಳನ್ನು ಬಿಟ್ಟೋಡಲಿಲ್ಲವೆಂಬುದು ಇದಕ್ಕೆ ಒಂದು ಕಾರಣ. ಅದರ ಮಟ್ಟಿಗೆ ಎರಡನೆಯ ಮತಕ್ಕೆ ಸಲ್ಲಬೇಕಾದುದು ಸಲ್ಲುತ್ತದೆ.

೧೯೪೪ರ ಸೆಪ್ಟೆಂಬರ್ ಕೊನೆಯಲ್ಲಿ ಸೋವಿಯೆಟ್ ಸೇನೆಯು ಮೋನಿನಲ್ಲಿ ಇಳಿದು ಓಸೆಲನ್ನು ಹೊಕ್ಕಿತು. ಜರ್ಮನರು ಸ್ವೋರ್ಬೆಯ ಭೂಶಿರಕ್ಕೆ ಹಿಮ್ಮೆಟ್ಟಿ, ಸಮುದ್ರದ ಮೇಲಿನ ಕ್ರೂಸರುಗಳ ಗುಂಡುಗಳ ಆಶ್ರಯದಲ್ಲಿ ಏಳು ವಾರಗಳ ಮಟ್ಟಿಗೆ ಅದನ್ನು ಹಿಡಿದುಕೊಂಡಿದ್ದರು. ಅವರಲ್ಲಿ ಉಳಿದವರನ್ನು ನವೆಂಬರ್ ೨೪ರ ಬೆಳಗಿನ ಹೊತ್ತಿಗೆ ದೋಣಿಗಳು ತುಂಬಿಕೊಂಡು ಹೋದುವು. ೧೯೧೭ರಲ್ಲಿ ಇರ್ಬೆಯ ಬಾಗಿಲನ್ನು ಕಾಯುತ್ತಿದ್ದ ನಾಲ್ಕು ಭಾರಿ ಫಿರಂಗಿಗಳ ಪೀಠಗಳು ಆ ಭೂಶಿರದ ತುದಿಯಲ್ಲಿ ಇಂದಿಗೂ ಕಾಣಬರುತ್ತವೆ.